ಬ್ರದರ್ ಆರ್ವಿಲ್‌ನ ಇಪ್ಪತ್ತೆರಡು

ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ, ಆರ್ಕನ್ಸಾ ರಾಜ್ಯದ ಪೈನ್‌ಲಿಕ್ ಊರಿನ ಮೌಂಟ್ ಗಿಲಿಯಡ್ ಬ್ಯಾಪ್ಟಿಸ್ಟ್ ಚರ್ಚಿನ ಮುಂದೆ, ಸ್ವರ್ಗ ನರಕಗಳ ಚರ್ಚೆಯನ್ನೂ ಮೂಲೆಗೆ ತಳ್ಳುವಂಥ ಗಹನವಾದ ಪ್ರಶ್ನೆಯೊಂದು ಬಂದು ನಿಂತಿತು. ಅದಕ್ಕಾಗಿ ಸಭೆಯ ಹಿರಿಯರು ಊಟ ಬಿಟ್ಟರೆಂದು ಹೇಳಲಾಗದು. ಅವರು ಯಾವುದಕ್ಕೂ ಊಟ ಬಿಟ್ಟವರಲ್ಲ. ಆದರೆ ಊಟದುದ್ದಕ್ಕೂ ಅದನ್ನೇ ಮಾತಾಡಿದರು. ಪ್ರಶ್ನೆ ಇದು: ಆರ್ವಿಲ್ ಟ್ಯಾಕೆಟ್‌ನ ಪ್ಯಾಂಟಿನ ಜೇಬಿನಲ್ಲಿರುವುದನ್ನು ಆಯುಧ ಎನ್ನಬಹುದೇ, ಕೂಡದೇ?

ಆರ್ವಿಲ್ ಸುತ್ತಲಿನ ಹಳ್ಳಿಗಳಿಗೆ ಗ್ಯಾಸಿನ ಲಾರಿ ಓಡಿಸಿ ನಿವೃತ್ತನಾದವನು. ಚರ್ಚಿನಲ್ಲಿ ಅವನ ಕೆಲಸ, ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟು ಕಾರು ನಿಲ್ಲಿಸುವ ಜಾಗ ತೋರಿಸುವುದು. ಬರುವ ಕಾರುಗಳಿಗಿಂತ ಜಾಗ ಮೂರು ಪಟ್ಟು ಹೆಚ್ಚಿತ್ತು. ಎಲ್ಲರೂ ತಮ್ಮ ತಾತಂದಿರು ನಿಲ್ಲಿಸುತ್ತಿದ್ದಲ್ಲೇ ನಿಲ್ಲಿಸುತ್ತಿದ್ದರು. ಆರ್ವಿಲ್ ಅತ್ತ ಹೋಗಿ ಎಂದು ಕೈ ಬೀಸಿದರೆ, ಅವರು ಕ್ಷೇಮಸಮಾಚಾರವೆಂದುಕೊಂಡು ತಾವೂ ಬೀಸುತ್ತಿದ್ದರು.

ಅವನ ಕಣ್ಣಿದ್ದದ್ದು ರಕ್ಷಣಾ ತಂಡದ ಮೇಲೆ. ನಾಲ್ವರ ತಂಡ ಅದು. ಪ್ರಾರ್ಥನೆಯ ಹೊತ್ತಿನಲ್ಲಿ ಸೊಂಟಕ್ಕೆ ಪಿಸ್ತೂಲು ಕಟ್ಟಿ, ಕಿವಿಗೆ ಸುರುಳಿ ತಂತಿ ಸಿಕ್ಕಿಸಿ, ಕೂಗಿದರೆ ಕೇಳುವಷ್ಟು ದೂರದಲ್ಲಿ ನಿಂತು ಒಬ್ಬರಿಗೊಬ್ಬರು ರೇಡಿಯೋದಲ್ಲಿ ಪಿಸುಗುಡುತ್ತಿದ್ದರು. ಪ್ರಾರ್ಥನೆ ಮುಗಿದ ಮೇಲೆ ಊಟದ ಕೋಣೆಯಲ್ಲಿ ಅವರಿಗೇ ಒಂದು ಮೇಜು, ನಾಲ್ಕು ಕುರ್ಚಿ. ಆರ್ವಿಲ್ ಕಾಫಿ ಲೋಟ ಹಿಡಿದು ಪಕ್ಕದಲ್ಲಿ ನಿಂತು, ಅವರ ಮಾತಿಗೆ ಎಲ್ಲರಿಗಿಂತ ಮೊದಲೇ ನಗುತ್ತಿದ್ದ. ಯಾರೂ ಕುರ್ಚಿ ಸರಿಸಿದವರಲ್ಲ. ಈಗ ನಾಲ್ವರಲ್ಲಿ ಹಿರಿಯನೊಬ್ಬನ ಮಂಡಿ ಕೈಕೊಟ್ಟು ಒಂದು ಜಾಗ ಖಾಲಿಯಾಗಿತ್ತು. ಆರ್ವಿಲ್‌ಗೆ ಈ ಜನ್ಮದಲ್ಲಿ ಇನ್ನೇನಾದರೂ ಬೇಕಾಗಿದ್ದರೆ ಅದು ಆ ಕುರ್ಚಿ.

"ಅಲ್ಲಿ ಕಾಪಾಡೋಕೆ ಏನಿದೆ ಅಂತ ಹೋಗ್ತೀಯ?" ಎಂದಳು ಹೆಂಡತಿ ನೆಡ್ರಾ. ಅವಳು ಚರ್ಚಿನ ಮಕ್ಕಳ ತರಗತಿ ನಡೆಸುತ್ತಿದ್ದಳು. "ಪಿಯಾನೋನಾ? ಅದನ್ನ ಬಿಟ್ಟಿ ಕೊಡ್ತೀವಿ ಅಂದ್ರೂ ಯಾರೂ ಒಯ್ಯಲಿಲ್ಲ."

ಆ ಚರ್ಚಿನ ಇತಿಹಾಸದಲ್ಲಿ ನಡೆದ ಅಪರಾಧ ಒಂದೇ: ಸಹಭೋಜನದ ದಿನ ಯಾರದೋ ಗಾಜಿನ ಪಾತ್ರೆ ಕಾಣೆಯಾಗಿತ್ತು. ಕದ್ದವಳು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಅವಳು ಪ್ರತಿವರ್ಷ ಅದೇ ಪಾತ್ರೆಯಲ್ಲಿ ಬೀನ್ಸ್ ಬೇಯಿಸಿ ತರುತ್ತಿದ್ದಳು.

ತಂಡದ ನಾಯಕ ರಾಯ್ಸ್ ಬೊಹ್ಯಾನನ್. ಕಾರ್ಪೆಟ್ ಅಂಗಡಿ ಇಟ್ಟಿದ್ದ. ಸೈನ್ಯದಲ್ಲೂ ಪೊಲೀಸಿನಲ್ಲೂ ಇದ್ದವನಲ್ಲ. ಇದ್ದವರು ಹಾಕದಷ್ಟು ಜೇಬಿನ ಕಪ್ಪು ಮೇಲಂಗಿ ಹಾಕುತ್ತಿದ್ದ, ಇದ್ದವರು ಆಡದಂಥ ಮಾತಾಡುತ್ತಿದ್ದ. ಆರ್ವಿಲ್ ಪಿಸ್ತೂಲು ಕೊಳ್ಳುವ ದಿನ ಸಲಹೆ ಕೊಡಲೆಂದು ತಾನೂ ಜೊತೆಗೆ ಹೊರಟ.

ಅವರು ಹೋದ ಅಂಗಡಿಯ ಅರ್ಧಭಾಗ ಗಾಳದ ಹುಳುವಿಗೆ, ಇನ್ನರ್ಧ ಬಂದೂಕಿಗೆ. ಮಾಲೀಕ ಲೈಲ್ ಎರಡನ್ನೂ ಒಂದೇ ಮುಖಭಾವದಲ್ಲಿ ಮಾರುತ್ತಿದ್ದ. ಗಾಜಿನ ಕಪಾಟಿನ ಮೇಲೆ ಬಟ್ಟೆ ಹಾಸಿ ಪಿಸ್ತೂಲುಗಳನ್ನು ಸಾಲಾಗಿಟ್ಟ. ಈ ವಿದ್ಯೆಯಲ್ಲಿ ಎಲ್ಲವೂ ಗುಂಡಿನ ದಪ್ಪದ ಮೇಲೆ ನಿಂತಿದೆ, ಪಿಸ್ತೂಲನ್ನು ಕರೆಯುವುದೂ ಆ ಅಂಕೆಯಿಂದಲೇ. ನಲವತ್ತೈದು ದೊಡ್ಡದು, ಇಪ್ಪತ್ತೆರಡು ಸಣ್ಣದು, ಆದರೆ ಒಂಬತ್ತು ಇಪ್ಪತ್ತೆರಡಕ್ಕಿಂತ ದೊಡ್ಡದು. ಅದು ಹೇಗೆ ಎಂದು ಕೇಳುವವರನ್ನು ತಂಡಕ್ಕೆ ಸೇರಿಸುವುದಿಲ್ಲ.

"ಮೊದ್ಲು ಇದನ್ನ ಹಿಡಿ," ಎಂದು ರಾಯ್ಸ್ ನಲವತ್ತೈದನ್ನು ಕೈಗಿಟ್ಟ. ಅವನ ಸೊಂಟದಲ್ಲಿದ್ದದ್ದೂ ಅದೇ. ಹಿಡಿಯ ಮೇಲೆ ಹದ್ದು ಕೆತ್ತಿಸಿಕೊಂಡು ಊರಿಗೆಲ್ಲ ತೋರಿಸಿದ್ದ. "ಸ್ಲೈಡ್ ಹಿಂದಕ್ಕೆ ಎಳಿ."

ಅಂಥ ಪಿಸ್ತೂಲಿಗೆ ಗುಂಡು ಏರಿಸಬೇಕಾದರೂ, ಏರಿದ್ದನ್ನು ತೆಗೆಯಬೇಕಾದರೂ ಮೇಲಿನ ಉಕ್ಕಿನ ಹೊದಿಕೆಯನ್ನು ಬಲವಾಗಿ ಹಿಂದಕ್ಕೆಳೆಯಬೇಕು. ಜೀವಮಾನವಿಡೀ ಚಳಿಯಲ್ಲಿ ಗ್ಯಾಸಿನ ಕೊಳವೆ ತಿರುಪಿ ಆರ್ವಿಲ್‌ನ ಹೆಬ್ಬೆರಳ ಕೀಲು ಸವೆದುಹೋಗಿತ್ತು. ಎಳೆದ. ಬರಲಿಲ್ಲ.

"ಎಳಿಯಪ್ಪಾ, ಹಾಲು ಕರೀತಿದ್ದೀಯೇನು?"

"ಸಂಧಿವಾತ, ರಾಯ್ಸ್."

"ಕಳ್ಳ ಬಂದಾಗ ಅವನಿಗೂ ಹೇಳು. ಸಂಧಿವಾತ ಮಾರಾಯ, ಒಂಚೂರು ತಡ್ಕೋ ಅಂತ."

ಲೈಲ್ ಕೆಳಗಿನ ಹಲಗೆಯಿಂದ ಒಂದು ಪುಟ್ಟ ರಿವಾಲ್ವರ್ ತೆಗೆದಿಟ್ಟ. ಇಪ್ಪತ್ತೆರಡರದು. ಎಳೆಯುವಂಥದ್ದೇನಿಲ್ಲ, ಗಾಲಿಗೆ ಗುಂಡು ತುಂಬು, ಮುಚ್ಚು, ಜೇಬಿಗಿಳಿಸು. ಆರ್ವಿಲ್ ಜೇಬಿಗಿಳಿಸಿ ನೋಡಿದ. ಪ್ಯಾಂಟು ಜಾರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಕರವಸ್ತ್ರ ಇಟ್ಟುಕೊಂಡವನಂತೆ ಕಂಡ.

"ದಿನಾ ಇಟ್ಕೊಳ್ಳೋಕಾದ್ರೆ ಇದೇ ಸರಿ," ಎಂದ ಲೈಲ್. ರಾಯ್ಸ್ ತಿರುಗಿ ನೋಡಿದ ಕೂಡಲೇ, "ದೊಡ್ಡದಾದ್ರೆ ಇನ್ನೂ ಸರಿ," ಎಂದ.

"ಇದರಲ್ಲಿ ಹೊಡೆದ್ರೆ ಅವನಿಗೆ ಸಿಟ್ಟು ಬರುತ್ತೆ, ಅಷ್ಟೇ," ಎಂದ ರಾಯ್ಸ್. "ಅವನು ದಪ್ಪ ಚರ್ಮದ ಜಾಕೆಟ್ ಹಾಕಿದ್ರೆ? ಮತ್ತಿನ ಮದ್ದು ತಗೊಂಡಿದ್ರೆ? ಆರೂವರೆ ಅಡಿ ಇದ್ರೆ?"

ಆ ಕಳ್ಳನನ್ನು ಪೈನ್‌ಲಿಕ್‌ನಲ್ಲಿ ಯಾರೂ ಕಂಡಿರಲಿಲ್ಲ. ಅವನ ಜಾಕೆಟ್ಟಿನ ದಪ್ಪ ಮಾತ್ರ ಎಲ್ಲರಿಗೂ ಗೊತ್ತಿತ್ತು.

"ತಾಗಿದ್ರೆ ತಾನೆ ಸಣ್ಣದು ದೊಡ್ಡದು, ರಾಯ್ಸ್? ಆ ನಿನ್ನ ಫಿರಂಗೀಲಿ ನಾನು ಚರ್ಚಿಗೂ ಗುರಿ ಇಡಲಾರೆ. ಒಳಗೇ ನಿಂತ್ಕೊಂಡ್ರೂ ತಪ್ಪುತ್ತೆ."

ಲೈಲ್ ನಕ್ಕ. ರಾಯ್ಸ್ ನಗಲಿಲ್ಲ. "ಕೊಳ್ಳೋದು ನಿನ್ನಿಷ್ಟ. ಆದ್ರೆ ಒಂಬತ್ತಕ್ಕಿಂತ ಕೆಳಗಿನವರಿಗೆ ತಂಡದಲ್ಲಿ ಜಾಗ ಇಲ್ಲ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಪಾದ್ರಿ ಮುಂದೆ ತೀರ್ಮಾನ ಆಗ್ಲಿ."

ಆರ್ವಿಲ್ ಇಪ್ಪತ್ತೆರಡನ್ನೇ ಕೊಂಡ. ಆ ವಾರ ಊರೆಲ್ಲ ಅದನ್ನು ಸೊಳ್ಳೆಬತ್ತಿ ಎಂದಿತು, ನೇಲ್‌ಕಟರ್ ಎಂದಿತು. ತಂಡದ ಉಳಿದಿಬ್ಬರು ಸದಸ್ಯರು ಎದುರಿಗೆ ಸಿಕ್ಕಾಗಲೆಲ್ಲ ಎರಡೂ ಕೈ ಮೇಲೆತ್ತಿ, "ಹೊಡೀಬೇಡಪ್ಪಾ, ಕಚಗುಳಿ ಆಗುತ್ತೆ," ಎಂದರು. ಆರ್ವಿಲ್ ಅದಕ್ಕೂ ನಕ್ಕ. ಕುರ್ಚಿ ಬೇಕಾದವನು ಏನಕ್ಕಾದರೂ ನಗುತ್ತಾನೆ.

ಭಾನುವಾರ ಬಂತು. ಪಾದ್ರಿ ಬ್ರದರ್ ಡೆನ್ನಿ ಉಪದೇಶಕ್ಕೆ ಎದ್ದು ನಿಂತಾಗ, ಬೆಳಗಿನ ಕಾಫಿ ಆರ್ವಿಲ್‌ನನ್ನು ಗಂಡಸರ ಶೌಚಾಲಯಕ್ಕೆ ಅಟ್ಟಿತು. ಮಕ್ಕಳ ತರಗತಿಯ ಪಕ್ಕದ ಬಾಗಿಲೇ ಅದು. ಒಳಗೆ ಹೋಗಿ ಚಿಲಕ ಹಾಕಿ, ಕೂತು, ಕಾಗದದ ಸುರುಳಿಗೆ ಕೈ ಚಾಚಿದರೆ, ಸುರುಳಿಯ ಡಬ್ಬದ ಮೇಲೆ ನಲವತ್ತೈದು ಮಲಗಿತ್ತು. ಹಿಡಿಯ ಮೇಲೆ ಹದ್ದು ರೆಕ್ಕೆ ಬಿಚ್ಚಿಕೊಂಡಿತ್ತು.

ಸೊಂಟಕ್ಕೆ ದೊಡ್ಡ ಪಿಸ್ತೂಲು ಕಟ್ಟುವವರ ಪಾಡು ಇದು. ಪ್ಯಾಂಟು ಇಳಿಸಿದರೆ ಅದು ನೆಲಕ್ಕೆ ಬೀಳುತ್ತದೆ, ಆದ್ದರಿಂದ ಬಿಚ್ಚಿ ಪಕ್ಕಕ್ಕಿಡಬೇಕು. ಪಕ್ಕಕ್ಕಿಟ್ಟದ್ದನ್ನು ನೆನಪಿಟ್ಟುಕೊಳ್ಳುವುದನ್ನು ಮಾತ್ರ ಯಾವ ತಾಲೀಮಿನಲ್ಲೂ ಕಲಿಸುವುದಿಲ್ಲ.

ಆರ್ವಿಲ್ ಯೋಚಿಸಿದ. ಗುಂಡು ಏರಿಯೇ ಇತ್ತು. ಇಳಿಸಲು ಅವನ ಹೆಬ್ಬೆರಳಿಗೆ ಆಗದು. ಜೇಬಿಗೆ ಹಾಕಿಕೊಳ್ಳೋಣವೆಂದರೆ, ಅರ್ಧ ಒಳಗೆ ಹೋಗಿ ಉಳಿದರ್ಧ ಹದ್ದಿನ ಸಮೇತ ಹೊರಗೆ ಇಣುಕಿತು. ಕೈಯಲ್ಲೇ ಹಿಡಿದು ಹೊರಬರೋಣವೆಂದರೆ, ಚರ್ಚಿನೊಳಗೆ ಪಿಸ್ತೂಲು ಹಿಡಿದು ಬಂದವನನ್ನು ಕಂಡ ಕೂಡಲೇ ಏನು ಮಾಡಬೇಕೆಂದು ತಂಡ ವರ್ಷವಿಡೀ ತಾಲೀಮು ಮಾಡಿತ್ತು. ಅಲ್ಲೇ ಬಿಟ್ಟು ಹೋಗೋಣವೆಂದರೆ, ಗೋಡೆಯಾಚೆ ಮಕ್ಕಳು ಹಾಡುತ್ತಿದ್ದವು. ಹಾಡು ಮುಗಿದರೆ ಓಡಿಬರುವುದು ಇಲ್ಲಿಗೇ.

ಚಿಲಕ ಹಾಕಿಕೊಂಡು ಕೂತ. ಬ್ರದರ್ ಡೆನ್ನಿ ನೋಹನ ನಾವೆಯನ್ನು ನೀರಿಗಿಳಿಸಿ, ಮಳೆ ಸುರಿಸಿ, ಮಳೆ ನಿಲ್ಲಿಸಿದ. ಆರ್ವಿಲ್‌ನ ಕಾಲು ಜೋಮು ಹಿಡಿಯಿತು. ಮಕ್ಕಳು ಬಂದವು, ಬಾಗಿಲು ಬಡಿದವು, ಒಳಗಿದ್ದವನಿಗೆ ಹೊಟ್ಟೆ ಕೆಟ್ಟಿದೆ ಎಂದು ಗಟ್ಟಿಯಾಗಿ ತೀರ್ಮಾನಿಸಿ ನಗುತ್ತಾ ಹೊರಟುಹೋದವು. ಅಷ್ಟು ಹೊತ್ತೂ ರಾಯ್ಸ್ ಬೊಹ್ಯಾನನ್ ಪಿಸ್ತೂಲಿನ ಖಾಲಿ ಚೀಲ ಸೊಂಟಕ್ಕೆ ಕಟ್ಟಿಕೊಂಡು, ಕಣ್ಣು ಕಿರಿದು ಮಾಡಿ, ಮುದುಕಿಯರ ನಡುವೆ ಅಪಾಯ ಹುಡುಕುತ್ತಾ ನಿಂತಿದ್ದ.

ಕೊನೆಗೆ ಬಾಗಿಲ ಕೆಳಗೆ ಕಪ್ಪು ಬೂಟುಗಳು ಕಂಡವು.

"ಒಳಗೆ ಯಾರು?"

"ನಾನು, ಆರ್ವಿಲ್."

ಬೂಟುಗಳು ಬಾಗಿಲಿಗೆ ಇನ್ನಷ್ಟು ಹತ್ತಿರ ಬಂದವು. "ಬ್ರದರ್ ಆರ್ವಿಲ್... ಅಲ್ಲಿ ಏನಾದ್ರೂ ಇದೆಯಾ?"

"ಕಾಗದ ಇದೆ, ರಾಯ್ಸ್."

"ಕಾಗದದ ಮೇಲೆ?"

"ಅದೂ ಇದೆ."

ಬಾಗಿಲು ತೆರೆಯಿತು. ರಾಯ್ಸ್ ಪಿಸ್ತೂಲನ್ನು ಕಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿದ. ಕನ್ನಡಿ ನೋಡಿ ಮೇಲಂಗಿ ಎಳೆದುಕೊಂಡ. ಕನ್ನಡಿಯಿಂದ ತಿರುಗುವಷ್ಟರಲ್ಲಿ ಮತ್ತೆ ನಾಯಕನಾಗಿದ್ದ.

"ಎಷ್ಟು ಹೊತ್ತು ಕಾದೆ?"

"ಉಪದೇಶ ಪೂರ್ತಿ."

"ಒಳ್ಳೇದು. ಪರೀಕ್ಷೆ ಅದು."

"ಏನು?"

"ಬೇಕಂತಲೇ ಇಟ್ಟಿದ್ದೆ. ನಿನಗೆ ಎಚ್ಚರ ಇದೆಯೋ ಇಲ್ವೋ ನೋಡೋಣ ಅಂತ."

"ನಾನೇ ಬರ್ತೀನಿ ಅಂತ ನಿನಗೆ ಹೇಗೆ ಗೊತ್ತಿತ್ತು?"

"ನಿನ್ನ ವಯಸ್ಸು ಗೊತ್ತಿತ್ತು."

"ಮಕ್ಕಳು ಬಂದಿದ್ರೆ, ರಾಯ್ಸ್? ಬಂದಿದ್ವು, ಬಾಗಿಲು ಬಡಿದ್ವು."

"ಒಳಗೆ ಬರಲಿಲ್ಲವಲ್ಲ."

ಆರ್ವಿಲ್‌ನ ನಾಲಿಗೆಯ ತುದಿಯಲ್ಲಿ ಒಂದು ಮಾತಿತ್ತು. ಅದನ್ನು ಆಡಿದ್ದರೆ ನಿಜ ಹೊರಬೀಳುತ್ತಿತ್ತು, ಕುರ್ಚಿ ಹೋಗುತ್ತಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಕುರ್ಚಿ ಕೊಟ್ಟರೆ ಬಂದೀತೇನೋ, ನೋಡಬಹುದಲ್ಲ.

"ಹಾಗಾದ್ರೆ," ಎಂದ ಆರ್ವಿಲ್, "ಪಾಸಾದೆನಾ?"

ಊಟದ ಕೋಣೆಯಲ್ಲಿ ತೀರ್ಮಾನಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಗುಂಡಿನ ದಪ್ಪವೇ ಎಲ್ಲವೂ ಅಲ್ಲ, ಸಮಯಪ್ರಜ್ಞೆ ದೊಡ್ಡದು, ತಾನೇ ಖುದ್ದಾಗಿ ಬ್ರದರ್ ಆರ್ವಿಲ್‌ನನ್ನು ಪರೀಕ್ಷಿಸಿದ್ದೇನೆ ಎಂದ ರಾಯ್ಸ್. ಎಂಥ ಪರೀಕ್ಷೆ ಎಂದು ಬ್ರದರ್ ಡೆನ್ನಿ ಕೇಳಿದ. ಅದು ಗೋಪ್ಯ ಎಂದ ರಾಯ್ಸ್. ಗೋಪ್ಯವೆಂದ ಮೇಲೆ ಎಲ್ಲರೂ ಗಂಭೀರವಾಗಿ ತಲೆದೂಗಿದರು. ವಾರವಿಡೀ ಕೈ ಮೇಲೆತ್ತಿದ್ದ ಇಬ್ಬರಿಗೂ, ತಮ್ಮ ತಾತಂದಿರು ಮುನ್ನೂರು ಪೌಂಡಿನ ಹಂದಿಗಳನ್ನು ಇಪ್ಪತ್ತೆರಡರಲ್ಲೇ ಒಂದೇಟಿಗೆ ಉರುಳಿಸುತ್ತಿದ್ದುದು ತಟ್ಟನೆ ನೆನಪಾಯಿತು.

"ಏನು ಪರೀಕ್ಷೆ ಅದು?" ಎಂದಳು ನೆಡ್ರಾ, ಮನೆಗೆ ಹೋಗುವಾಗ ಕಾರಿನಲ್ಲಿ.

ಆರ್ವಿಲ್ ಹೇಳಿದ. ಅವಳಿಗೆ ಅವನು ಸುಳ್ಳು ಹೇಳಿ ಯಾವತ್ತೂ ದಕ್ಕಿಸಿಕೊಂಡಿರಲಿಲ್ಲ.

"ಮರೆತು ಹೋದೋನು ಮೇಷ್ಟ್ರು, ಕಮೋಡಿನ ಮೇಲೆ ಕೂತೋನು ಫಸ್ಟ್ ಕ್ಲಾಸು," ಎಂದಳು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೇಳಿದಳು. "ಆ ಮಕ್ಕಳನ್ನ ಕೈ ತೊಳ್ಕೊಂಡು ಬನ್ನಿ ಅಂತ ಅಲ್ಲಿಗೆ ಕಳಿಸೋಳು ನಾನು, ಆರ್ವಿಲ್."

"ಏನೂ ಆಗಲಿಲ್ಲವಲ್ಲ."

"ರಾಯ್ಸ್ ಮಾತು ಅದು. ಇಷ್ಟು ಬೇಗ ಬಾಯಿಪಾಠ ಆಯ್ತಾ?"

ಆರ್ವಿಲ್ ರಸ್ತೆ ನೋಡಿಕೊಂಡು ಕಾರು ಓಡಿಸಿದ.

ಮುಂದಿನ ಭಾನುವಾರ ಆರ್ವಿಲ್ ಟ್ಯಾಕೆಟ್ ರಕ್ಷಣಾ ತಂಡದ ನಾಲ್ಕನೆಯವನಾದ. ಅವನ ಕಾವಲಿಗೆ ಕೊಟ್ಟದ್ದು ಗಂಡಸರ ಶೌಚಾಲಯದ ಬಾಗಿಲು. ನೆಡ್ರಾ ತನ್ನ ತರಗತಿಯ ಮಕ್ಕಳನ್ನೆಲ್ಲ, ಗಂಡುಹುಡುಗರ ಸಮೇತ, ಹೆಂಗಸರ ಶೌಚಾಲಯಕ್ಕೆ ಕಳಿಸತೊಡಗಿದಳು.