ನಾಲ್ಕು ದಿನದ ಅಳು

ಅಜ್ಜಿ ಮಾತಿನಮಲ್ಲಿ ಅನ್ನೋದು ಬೀದಿಗೆಲ್ಲ ಗೊತ್ತು. ಆದರೆ ಆ ಬಾಯಿ ಒಂದು ಉಪಯೋಗಕ್ಕೆ ಅಂತ ಬಂದದ್ದು ಮೊಮ್ಮಗ ಹುಟ್ಟಿದ ಮೇಲೆಯೇ. ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಬಿಡುವ ಕವಾಟ ಕೂಸಿಗೆ ಹುಟ್ಟುತ್ತಲೇ ಅಂಟಿಕೊಂಡಿತ್ತು. ತುಟಿ, ಉಗುರೆಲ್ಲ ನೀಲಿ. "ಅಳೋಕೆ ಬಿಡಬೇಡಿ ಅಜ್ಜಿ, ಅತ್ತಷ್ಟೂ ಉಸಿರಿಗೆ ಕಷ್ಟ," ಅಂದಿದ್ದಳು ನರ್ಸಮ್ಮ. ಹೆತ್ತವಳು ಹೊಟ್ಟೆ ಕೊಯ್ಸಿಕೊಂಡು ಇನ್ನೊಂದು ಆಸ್ಪತ್ರೆಯಲ್ಲಿ ಮಲಗಿದ್ದಳು, ಅಳಿಯ ಅವಳ ಹತ್ತಿರ. ಹಾಗಾಗಿ ಅಳು ತಡೆಯೋ ಕೆಲಸ ಅಜ್ಜಿಯ ಪಾಲಿಗೆ ಬಂತು.

ಕೂಸಿನ ತುಟಿ ಸೊಟ್ಟಗಾಯಿತೋ, ಅಜ್ಜಿ ಶುರು. "ಬೇಡ ಕಣೋ ದೊರೆ! ನಿಮ್ಮ ತಾತ ಮದುವೆ ದಿನ ಎರಡು ಕಾಲಿಗೆ ಎರಡು ಥರ ಚಪ್ಪಲಿ ಹಾಕ್ಕೊಂಡು ಬಂದಿದ್ದ, ಕೇಳು..." ಕೂಸು ಕಣ್ಣು ಪಿಳಿಪಿಳಿ ಬಿಟ್ಟು ಕೇಳುತ್ತಿತ್ತು. ನಾಲ್ಕು ದಿನದಲ್ಲಿ ಪಾಪ, ತಾತನ ಮಾನ ಪೂರ್ತಿ ಹರಾಜಾಯಿತು.

ನಾಲ್ಕನೆಯ ದಿನ ಡಾಕ್ಟರಮ್ಮ ದಾರದಷ್ಟು ಸಣ್ಣ ಕೊಳವೆಯೊಂದನ್ನು ತೋರಿಸಿದಳು. "ತೊಡೆಯ ರಕ್ತನಾಳದಿಂದ ಹೃದಯಕ್ಕೆ ತೂರಿಸ್ತೀವಿ. ಅಲ್ಲಿ ತುದಿಯ ಬಲೂನ್ ಉಬ್ಬಿಸಿದ್ರೆ ಕವಾಟ ತೆರೆಯುತ್ತೆ."

"ತೊಡೆಯಿಂದ ಎದೆಗಾ? ಇದೊಳ್ಳೆ ಸುತ್ತಿ ಬಳಸಿ ಮೂಗು ಹಿಡಿದಂಗಾಯ್ತಲ್ಲಮ್ಮ!"

"ಎದೆ ಕೊಯ್ಯೋದು ತಪ್ಪುತ್ತಲ್ಲ ಅಜ್ಜಿ."

"ತೆರೀದೇ ಹೋದ್ರೆ?"

"ಆಗ ಕಷ್ಟ," ಅಂದಳು ಡಾಕ್ಟರಮ್ಮ. ಸುಳ್ಳು ಹೇಳೋ ಪೈಕಿ ಅಲ್ಲ ಅವಳು.

ಕೂಸನ್ನು ಒಳಗೆ ಒಯ್ದರು, ಬಾಗಿಲು ಮುಚ್ಚಿತು. ಒಂದೂವರೆ ಗಂಟೆ ಅಜ್ಜಿ ತುಟಿಪಿಟಕ್ಕೆನ್ನಲಿಲ್ಲ. ದಿನಾ ಅವಳ ಹತ್ತಿರ ಬೈಸಿಕೊಳ್ಳುತ್ತಿದ್ದ ಕಾವಲುಗಾರನೇ ಗಾಬರಿಯಾಗಿ, "ಅಜ್ಜೀ, ಹುಷಾರಾಗಿದೀರಾ? ಒಂದ್ಸಲ ಬೈದುಬಿಡಿ ನನ್ನ," ಅಂದ. ಅಜ್ಜಿ ತಲೆ ಅಲ್ಲಾಡಿಸಿದಳು ಅಷ್ಟೆ.

ಕೊನೆಗೆ ಡಾಕ್ಟರಮ್ಮ ಹೊರಗೆ ಬಂದು ಅವಳ ಪಕ್ಕದಲ್ಲೇ ಕುಸಿದು ಕೂತಳು. "ತೆರೀತು ಅಜ್ಜಿ."

ಮರುದಿನ ಬೆಳಿಗ್ಗೆ ಉಸಿರಾಟಕ್ಕೆ ಅಂತ ಕೂಸಿನ ಗಂಟಲಿಗೆ ಹಾಕಿದ್ದ ನಳಿಕೆ ತೆಗೆದರು. ತುಟಿ ಸೊಟ್ಟಗಾಯಿತು. ಅಜ್ಜಿ ಒಂದೇ ನೆಗೆತಕ್ಕೆ ಎದ್ದಳು. "ಬೇಡ ಕಣೋ ದೊರೆ! ನಿಮ್ಮ ತಾತ..."

"ಬಿಡಿ ಅಜ್ಜಿ," ನರ್ಸಮ್ಮ ಅವಳ ತೋಳು ಹಿಡಿದಳು. "ಇನ್ನು ಅಳಬಹುದು."

ಅತ್ತಿತು ನೋಡಿ! ಗೋಡೆ ಅದುರೋ ಹಾಗೆ ಅತ್ತಿತು. ಅತ್ತಷ್ಟೂ ಮುಖ ಕೆಂಪಾಯಿತು, ತುಟಿ ಕೆಂಪಾಯಿತು. ಅಜ್ಜಿ ಮಗಳಿಗೆ ಫೋನ್ ಹಚ್ಚಿ ಕೂಸಿನ ಬಾಯ ಹತ್ತಿರ ಹಿಡಿದಳು. ಹೆತ್ತವಳು ಮಗನ ದನಿಯನ್ನೇ ಸರಿಯಾಗಿ ಕೇಳಿರಲಿಲ್ಲ.

"ಅಳೋ ನನ್ನಪ್ಪಾ, ನಾಲ್ಕು ದಿನದ್ದೆಲ್ಲ ಅತ್ತುಬಿಡು!"

ಸ್ವಲ್ಪ ಹೊತ್ತಾದ ಮೇಲೆ ಫೋನಿನಲ್ಲಿ ಮಗಳು ಕೇಳಿದಳು, "ಅಮ್ಮಾ, ಈಗ ಅಳ್ತಿರೋದು ಅವನಾ, ನೀನಾ?"

"ಅವನು ಆಗಲೇ ನಿದ್ದೆ ಹೋದ ಕಣೇ," ಅಂದಳು ಅಜ್ಜಿ.