ಏಳು ನಲವತ್ತಕ್ಕೆ ಬಂದ್

ಚನ್ನವೀರನಿಗೆ ಸಾಕುಸಾಕಾಗಿತ್ತು. ಧನಕವಡಿಯ ಲಾರಿ ಆಫೀಸಿನಲ್ಲಿ ಹತ್ತೊಂಬತ್ತು ವರ್ಷ ಗುಮಾಸ್ತಿಕೆ ಮಾಡಿದವನು, ಕಂಪ್ಯೂಟರ್ ಬಂದ ಈ ಎರಡು ತಿಂಗಳಲ್ಲಿ ಹಣ್ಣಾಗಿ ಹೋಗಿದ್ದ. ಸಂಜೆ ಉಳಿಸಿಟ್ಟ ಲಾರಿ ಪಟ್ಟಿ ಬೆಳಿಗ್ಗೆ ನೋಡಿದರೆ ಕೆಟ್ಟು ಕೂತಿರುತ್ತಿತ್ತು. ನಿನ್ನೆಯದನ್ನೇ ಮತ್ತೆ ಬಡಿಯಬೇಕು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚುವ ಕೆಲಸ.

ಮಾಲೀಕ ಶಿವರುದ್ರಪ್ಪನವರದು ಒಂದೇ ಮಾತು: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿಗೆ ಬೇರೆಯವರನ್ನು ತರುತ್ತೇನೆ, ಸೋಮವಾರದಿಂದ ನೀನು ಸಾಸವಡದ ಗೋದಾಮಿಗೆ ಹೋಗಿ ಮೂಟೆ ಎಣಿಸು ಎಂದುಬಿಟ್ಟಿದ್ದರು. ಕೋಥರೂಡದ ಮನೆಯಿಂದ ಸಾಸವಡಕ್ಕೆ ಮೂರು ಬಸ್ಸು. ಐವತ್ತೆರಡರ ಮೊಣಕಾಲಿಗೆ ಅದು ಶಿಕ್ಷೆಯೇ.

ಶನಿವಾರ ರಿಪೇರಿಯ ಸ್ನೇಹಲ್ ಬಂದಳು. ಈಗ ಏನೋ ಒಂದು ಹೊಸದು ಕೊಳ್ಳಲು ಹೇಳುತ್ತಾಳೆ ಎಂದುಕೊಂಡ ಚನ್ನವೀರ. ಅವಳು ಕಂಪ್ಯೂಟರಿನ ಪೆಟ್ಟಿಗೆ ಕೂಡ ಬಿಚ್ಚಲಿಲ್ಲ. ಮೂರು ಕೀಲಿ ಒಟ್ಟಿಗೆ ಒತ್ತಿ ಯಂತ್ರದ ಹೊರೆ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು, ಅದರ ಹಸಿರು ಗೆರೆಯನ್ನು ಅರ್ಧ ಗಂಟೆ ನೋಡುತ್ತ ಕೂತಳು. ಹೊರೆ ಹೆಚ್ಚಿಲ್ಲ, ಮೆಮೊರಿ ಸಾಕಷ್ಟಿದೆ, ಯಂತ್ರಕ್ಕೆ ಏನೂ ಆಗಿಲ್ಲ ಕಾಕಾ ಎಂದಳು ಮರಾಠಿಯಲ್ಲಿ. ಆಮೇಲೆ ಇವೆಂಟ್ ವ್ಯೂವರ್ ಎಂಬುದನ್ನು ತೆರೆದಳು. ಕಂಪ್ಯೂಟರ್ ಯಾವಾಗ ಎದ್ದಿತು, ಯಾವಾಗ ಬಿದ್ದಿತು ಎಂದು ತಾನೇ ಬರೆದಿಟ್ಟುಕೊಂಡ ದಿನಚರಿ ಅದು. ಮೊದಲ ದಿನದಿಂದ ಅಲ್ಲೇ ಇತ್ತು, ಯಾರೂ ನೋಡಿರಲಿಲ್ಲ.

ಸಾಲುಸಾಲಾಗಿ ಅದೇ ಮಾತು: ಹೇಳದೆ ಕೇಳದೆ ಬಂದ್ ಆಯಿತು. ಸಂಜೆ ಏಳು ನಲವತ್ತು. ಏಳು ನಲವತ್ತೊಂದು. ಏಳು ಮೂವತ್ತೊಂಬತ್ತು. ನಡುವೆ ಒಂದು ವಾರ ಮಾತ್ರ ಖಾಲಿ. ಆ ವಾರ ಶಿವರುದ್ರಪ್ಪನವರು ಮದುವೆಗೆಂದು ಜಮಖಂಡಿಗೆ ಹೋಗಿದ್ದರು.

ಚನ್ನವೀರನಿಗೆ ಎಲ್ಲ ತಿಳಿಯಿತು. ಏಳೂವರೆಗೆ ಅವನು ಪಟ್ಟಿ ಉಳಿಸಲು ಹಚ್ಚಿ, ಸ್ಕ್ರೀನ್ ಆರಿಸಿ ಬಸ್ಸಿಗೆ ಓಡುತ್ತಿದ್ದ. ಉಳಿಸುವ ಕೆಲಸಕ್ಕೆ ಇಪ್ಪತ್ತು ನಿಮಿಷ ಬೇಕು. ಮುಗಿದ ಮೇಲೆ ಕಂಪ್ಯೂಟರ್ ತಾನೇ ಬಂದ್ ಆಗುತ್ತದೆ. ಶಿವರುದ್ರಪ್ಪನವರು ದೇವರಿಗೆ ದೀಪ ಹಚ್ಚಿ, ಸ್ಕ್ರೀನ್ ಕಪ್ಪಾಗಿದ್ದನ್ನು ನೋಡಿ, ಗೋಡೆಯ ಮೇನ್ ಸ್ವಿಚ್ ಎಳೆದು ಕರೆಂಟ್ ಬಂದ್ ಮಾಡುತ್ತಿದ್ದರು. ಮೇನ್ ಅವರೇ ತೆಗೆಯಬೇಕು, ಬೇರೆ ಯಾರಿಗೂ ಬಿಡರು. ಹಿಂದೆ ಸೊಲ್ಲಾಪುರದ ತಮ್ಮದೇ ಅಂಗಡಿಯಲ್ಲಿ ಮಲಗಿದ್ದ ಅವರ ತಮ್ಮ ಧರ್ಮಣ್ಣ ಕರೆಂಟ್ ವೈರಿಗೆ ಹತ್ತಿದ ಬೆಂಕಿಯಲ್ಲಿ ತೀರಿಹೋದದ್ದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಆದರೂ ಎರಡು ತಿಂಗಳ ಸಿಟ್ಟು ಸುಮ್ಮನಿರಲಿಲ್ಲ. ದಿನಚರಿಯನ್ನು ಕಾಗದಕ್ಕಿಳಿಸಿ ಅವರ ಮೇಜಿನ ಮೇಲಿಟ್ಟ. ನಾನು ಆ ಪೆಟ್ಟಿಗೆಯನ್ನು ಮುಟ್ಟಿಯೇ ಇಲ್ಲ ಎಂದರು ಅವರು.

"ಮೇನ್ ತಗೀತೀರಲ್ರಿ ಸಾವಕಾರ್ರ. ಸ್ಕ್ರೀನ್ ಕಪ್ಪಾಗಿದ್ರೂ ಒಳಗ ಅದು ಕೆಲಸ ಮಾಡ್ತಿರ್ತದ್ರಿ."

ಶಿವರುದ್ರಪ್ಪನವರು ಒಂದೊಂದೇ ಸಾಲಿನ ಮೇಲೆ ಬೆರಳಾಡಿಸಿದರು.

"ಅವತ್ತ ಸೊಲ್ಲಾಪುರದಾಗ ಇಂಥಾ ಪೆಟ್ಟಿಗಿ ಇರಲಿಲ್ಲ, ಚನ್ನವೀರ. ಇದ್ದಿದ್ರ ನನ್ನ ಹೆಸರು ಬರ್ತಿತ್ತು ಅದರಾಗ. ಮೇನ್ ಹಂಗ ಬಿಟ್ಟು ಮನಿಗೆ ಹೋದಾಂವ ನಾನ."

ಚನ್ನವೀರ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡ.

ಸಾಸವಡದ ಮಾತು ಮತ್ತೆ ಬರಲಿಲ್ಲ. ಈಗ ಚನ್ನವೀರನ ಮಾಮೂಲಿ ಬಸ್ಸು ಹೋಗಿಬಿಡುತ್ತದೆ. ಮುಂದಿನದರಲ್ಲಿ ಕೂರಲು ಜಾಗವಿರುವುದಿಲ್ಲ, ಕೋಥರೂಡದವರೆಗೂ ನಿಂತೇ ಹೋಗಬೇಕು. ದೀಪ ಹಚ್ಚಿ ಬಂದು ಶಿವರುದ್ರಪ್ಪನವರು ಮೇನ್ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಪೆಟ್ಟಿಗೆಯ ಸದ್ದು ನಿಲ್ಲುವ ತನಕ ಚನ್ನವೀರ ಮೊಣಕಾಲು ಒತ್ತಿಕೊಳ್ಳುತ್ತ ಕೂತಿರುತ್ತಾನೆ.

"ತಗೀರಿ ಸಾವಕಾರ್ರ," ಎನ್ನುತ್ತಾನೆ ಆಮೇಲೆ. "ಎಲ್ಲಾ ಬಂದಾತು."