ಭಾನುವಾರ ಬಾರದ ಮಳೆ

ನನ್ನ ಕೆಲಸ ಅನುಮಾನ ಪಡುವುದು. ಸಂಬಳ ಕೊಟ್ಟು ಅನುಮಾನ ಪಡಿಸುವ ಕಚೇರಿಗಳು ಲೋಕದಲ್ಲಿ ಕಡಿಮೆ, ಅಂಥದೊಂದು ನನಗೆ ಸಿಕ್ಕಿದೆ. ಎಲ್ಲೆಲ್ಲಿ ಎಷ್ಟು ಮಳೆ ಬಿತ್ತು, ಇನ್ನು ಸ್ವಲ್ಪ ಹೊತ್ತಿನಲ್ಲಿ ಎಲ್ಲಿ ಬೀಳಬಹುದು ಎಂದು ಬಣ್ಣದ ನಕ್ಷೆಯಲ್ಲಿ ತೋರಿಸುವ ಜಾಲತಾಣ ನಮ್ಮದು. ನಕ್ಷೆಗೆ ಬೇಕಾದ ಅಳತೆಗಳಲ್ಲಿ ಅರ್ಧಕ್ಕರ್ಧ ಜನರ ಮನೆಗಳಿಂದಲೇ ಬರುತ್ತವೆ. ಆಸಕ್ತಿ ಇರುವವರು ತಾರಸಿಯ ಮೇಲೊಂದು ಮಳೆಮಾಪಕ ಇಟ್ಟು ಇಂಟರ್ನೆಟ್ಟಿಗೆ ಜೋಡಿಸುತ್ತಾರೆ. ಮೇಲೆ ಆಲಿಕೆ, ಒಳಗೆ ಅತ್ತಿತ್ತ ವಾಲುವ ಪುಟ್ಟ ಬಟ್ಟಲು. ಬಟ್ಟಲು ತುಂಬಿ ಒಮ್ಮೆ ವಾಲಿದರೆ ಮಿಲಿಮೀಟರಿನ ಐದನೇ ಒಂದು ಭಾಗ ಮಳೆ ಎಂದು ಲೆಕ್ಕ. ಆ ಲೆಕ್ಕ ನಂಬಬಹುದೋ ಇಲ್ಲವೋ ಎಂದು ನೋಡುವವಳು ನಾನು. ಮನೆಯಲ್ಲೂ ನನ್ನದು ಇದೇ ಚಾಳಿ ಎಂದು ನಮ್ಮತ್ತೆಯ ದೂರು. ಹಾಲು ಉಕ್ಕಿತು ಎಂದರೆ ಎಷ್ಟು ಉಕ್ಕಿತು ಎಂದು ಕೇಳುವ ಸೊಸೆ ಯಾರಿಗೂ ಬೇಡ ಎನ್ನುತ್ತಾರೆ.

ಆ ಸಲದ ತಕರಾರು ಬಂದದ್ದು ಒಬ್ಬ ಅಂಚೆಯವರಿಂದ. ಮುಂದಿನ ಒಂದು ಗಂಟೆಯ ಮಳೆ ಹೇಳುವ ಹೊಸ ಪುಟವನ್ನು ನಾವು ಶುರುಮಾಡಿ ಆಗಷ್ಟೇ ತಿಂಗಳಾಗಿತ್ತು. ಮೂರು ವಾರದಿಂದ ಬೆಳಗ್ಗೆ ಬೆಳಗ್ಗೆ ತಮ್ಮ ಬೀದಿಗೆ ಮಳೆ ಎಂದು ತೋರಿಸುತ್ತಿದ್ದೀರಿ, ಒಂದು ಹನಿಯೂ ಬಿದ್ದಿಲ್ಲ, ನಿಮ್ಮ ಮಾತು ಕೇಳಿ ರೇನ್‌ಕೋಟ್ ಹಾಕಿಕೊಂಡು ಬೆವರಿನಲ್ಲೇ ನೆನೆಯುತ್ತಿದ್ದೇನೆ ಎಂದು ಬರೆದಿದ್ದರು. ಹುಡುಕಿದೆ. ಆ ಬೀದಿಯ ಮಳೆಯನ್ನೆಲ್ಲ ಒಂದೇ ಒಂದು ಮನೆಯ ಮಾಪಕ ಸುರಿಸುತ್ತಿತ್ತು. ಬೆಳಗ್ಗೆ ಏಳು ನಲವತ್ತಕ್ಕೆ ಬಟ್ಟಲು ಮೂರು ಸಲ ವಾಲುತ್ತದೆ, ಎಂಟು ಸೆಕೆಂಡಿನಲ್ಲಿ ಎಲ್ಲ ಮುಗಿಯುತ್ತದೆ, ಮರುದಿನ ಮತ್ತೆ ಏಳು ನಲವತ್ತು.

ಮೊದಲು ಇಬ್ಬನಿ ಎಂದುಕೊಂಡೆ. ಆದರೆ ಇಬ್ಬನಿ ಗಡಿಯಾರ ನೋಡಿಕೊಂಡು ಇಳಿಯುವುದಿಲ್ಲ. ಹಕ್ಕಿಯೋ, ಗಿಡಕ್ಕೆ ನೀರು ಬಿಡುವ ಪೈಪೋ ಎಂದು ಯೋಚಿಸುತ್ತಿರುವಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಭಾನುವಾರ ಈ ಮಳೆ ಇರಲಿಲ್ಲ. ಹಿಂದಕ್ಕೆ ಹೋಗಿ ನೋಡಿದೆ. ಹದಿನಾರು ವಾರದಿಂದ ನಡೆದಿದೆ, ಒಂದು ಭಾನುವಾರವೂ ಇಲ್ಲ. ಬೆಳಗ್ಗೆ ನಿಜವಾದ ಮಳೆ ಬಿದ್ದ ನಾಲ್ಕು ದಿನಗಳಲ್ಲೂ ಅದು ಮರ್ಯಾದೆಯಿಂದ ಸುಮ್ಮನಿತ್ತು. ಹಕ್ಕಿಗೆ ವಾರ ಗೊತ್ತಿಲ್ಲ, ಗಿಡಕ್ಕೆ ಭಾನುವಾರವೂ ಬಾಯಾರುತ್ತದೆ. ಹಾಗಾದರೆ ರಜೆ ತೆಗೆದುಕೊಳ್ಳುವ ಮಳೆ ಯಾವುದು? ಆ ದಿನ ನನಗೆ ಊಟ ರುಚಿಸಲಿಲ್ಲ, ತಲೆಯಲ್ಲಿ ಹುಳ ಬಿಟ್ಟ ಹಾಗಾಗಿತ್ತು.

ನಮ್ಮ ಮೇಲಧಿಕಾರಿಗೆ ಇಂಥ ಹುಳಗಳ ಕಾಟವಿಲ್ಲ. ಸುಳ್ಳು ಅಳತೆ ಕೊಡುವ ಮಾಪಕವನ್ನು ನಕ್ಷೆಯಿಂದ ತೆಗೆಯಬೇಕು, ಅದರ ಹಳೆಯ ದಾಖಲೆಯನ್ನೂ ಅಳಿಸಬೇಕು, ಯಾವುದು ಸುಳ್ಳು ಯಾವುದು ನಿಜ ಎಂದು ಆರಿಸುತ್ತ ಕೂರಲಾಗದು ಎಂಬುದು ಅವರ ನಿಯಮ. ಶುಕ್ರವಾರದವರೆಗೆ ಸಮಯ ಕೊಟ್ಟರು. ಅಳಿಸಬೇಕಾದ ದಾಖಲೆ ಒಂಬತ್ತು ವರ್ಷದ್ದು, ನಡುವೆ ಒಂದು ದಿನವೂ ತಪ್ಪಿಲ್ಲದ್ದು.

ಮಾಪಕದ ಒಡತಿಗೆ ಫೋನ್ ಮಾಡಿದೆ. ನಿವೃತ್ತ ಭೂಗೋಳ ಟೀಚರ್ ಎಂದು ಅವರ ಪುಟದಲ್ಲಿತ್ತು. ಇವತ್ತು ಬೆಳಗ್ಗೆ ನಿಮ್ಮಲ್ಲಿ ಮಳೆ ಬಂತಾ ಎಂದು ಕೇಳಿದರೆ, ಆಲಿಕೆಯಲ್ಲಿ ನೀರು ಬಿದ್ದಿದೆ, ಯಂತ್ರದ ಅಳತೆ ಸರಿಯಾಗಿದೆ ಎಂದರು. ಮತ್ತೊಮ್ಮೆ ಕೇಳಿದೆ, ಮತ್ತೆ ಅದೇ ಉತ್ತರ. ಫೋನ್ ಇಟ್ಟ ಮೇಲೆ ಹೊಳೆಯಿತು. ನಾನು ಕೇಳಿದ್ದು ಮಳೆ, ಅವರು ಹೇಳಿದ್ದು ನೀರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವರು ಸಾಮಾನ್ಯವಾಗಿ ಸುಳ್ಳು ಹೇಳಲಾರದವರು.

ಗುರುವಾರ ಮೊದಲ ರೈಲು ಹತ್ತಿದೆ. ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ, ನಾನಿನ್ನೂ ಪ್ರತ್ಯಕ್ಷವಾಗಿಯೇ ಕಂಡಿರಲಿಲ್ಲ.

ಎರಡಂತಸ್ತಿನ ಮನೆ. ಹೊರಗಿನಿಂದ ಮೆಟ್ಟಿಲು, ಅದು ಮೇಲಿನ ಮನೆಯ ಅಡುಗೆಮನೆ ಕಿಟಕಿಯನ್ನು ಹಾದು ತಾರಸಿಗೆ ಹೋಗುತ್ತದೆ. ಎದುರಿನ ಸೈಕಲ್ ಅಂಗಡಿಯ ಜಗುಲಿಯ ಮೇಲೆ, ಯಾರನ್ನೋ ಕಾಯುವವಳ ಹಾಗೆ ನಿಂತೆ. ಆಕಾಶದಲ್ಲಿ ಹತ್ತಿಯ ಎಳೆಯಷ್ಟು ಮೋಡವೂ ಇರಲಿಲ್ಲ. ಏಳು ನಲವತ್ತಕ್ಕೆ ಸರಿಯಾಗಿ ಮೇಲಿನ ಮನೆಯಿಂದ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಹೊರಬಂದರು. ಕೈಗಳು ಮೊಣಕೈವರೆಗೂ ನೀಲಿ. ಒಂದು ಲೋಟ ಹಿಡಿದು ತಾರಸಿಗೆ ಹತ್ತಿದರು, ಆಲಿಕೆಗೆ ನೀರು ಬಗ್ಗಿಸಿದರು, ಸರಸರನೆ ಇಳಿದು ಒಳಗೆ ಹೋದರು. ಒಂದು ನಿಮಿಷವಾಗಿಲ್ಲ, ಕೆಳಗಿನ ಬಾಗಿಲು ತೆರೆಯಿತು. ಫೋನ್ ಹಿಡಿದ ಇನ್ನೊಬ್ಬ ಹೆಂಗಸು, ಇವರಿಗಿಂತ ದೊಡ್ಡವರು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ಅವರು ಹಾದುಹೋಗುವಾಗ ಅಡುಗೆಮನೆಯ ಪರದೆ ಒಂದಿಷ್ಟು ಸರಿಯಿತು. ಮೇಲೆ ಹೋದವರು ಆಲಿಕೆಯನ್ನು ನೋಡಿದರು, ಆಕಾಶವನ್ನು ನೋಡಲೇ ಇಲ್ಲ, ಇಳಿದು ಬಂದರು.

ಕಳ್ಳತನ ಹಿಡಿದ ಖುಷಿಯಲ್ಲಿ ನಾನು ಬೀದಿ ದಾಟಿದ್ದು ಓಡಿಕೊಂಡೇ ಇರಬೇಕು. ಕೆಳಗಿನ ಬಾಗಿಲು ತಟ್ಟಿ, ಯಾರೆಂದು ಹೇಳಿ, ಕೂತ ಕೂಡಲೇ ವರದಿ ಒಪ್ಪಿಸಿದೆ. ನಿಮ್ಮ ಮೇಲಿನ ಮನೆಯವರು ದಿನಾ ನೀರು ಹಾಕುತ್ತಿದ್ದಾರೆ, ಈಗಷ್ಟೇ ನೋಡಿದೆ ಎಂದೆ.

"ಗೊತ್ತು. ನನ್ನ ತಂಗಿ ಅವಳು," ಎಂದರು ಟೀಚರ್.

ಅಷ್ಟಗಲ ಅರಳಿದ್ದ ನನ್ನ ಮುಖ ಇಷ್ಟೇ ಇಷ್ಟಾಯಿತು. ಟೀಚರ್ ಚಹಾ ಮಾಡಿ ತಂದರು, ಆಮೇಲೆ ಒಂದೊಂದಾಗಿ ಹೇಳಿದರು. ಅಕ್ಕತಂಗಿಯರು ಮಾತು ಬಿಟ್ಟು ಒಂಬತ್ತು ವರ್ಷ ದಾಟಿತ್ತು. ತಂಗಿಯದು ಬಟ್ಟೆಗೆ ಬಣ್ಣ ಹಾಕುವ ಕೆಲಸ. ಒಂದು ನಾಟಕಶಾಲೆಯವರು ಪರದೆಗೆಂದು ಕೊಟ್ಟಿದ್ದ ನಲವತ್ತು ಮೀಟರ್ ಬಟ್ಟೆಯನ್ನು ಒಣಗಿಸಬೇಕಿತ್ತು. ತರಬೇತಿಗೆಂದು ಪರಊರಿಗೆ ಹೋಗಿದ್ದ ಅಕ್ಕ ಹವಾಮಾನದ ಜಾಲತಾಣವೊಂದನ್ನು ನೋಡಿ, ಇವತ್ತು ಮಳೆ ಇಲ್ಲ, ಧೈರ್ಯವಾಗಿ ಹರಡು ಎಂದು ಫೋನಿನಲ್ಲಿ ಹೇಳಿದ್ದರು. ಮರುದಿನ ಮನೆಗೆ ಬಂದರೆ ಬಟ್ಟೆಯೆಲ್ಲ ಬಣ್ಣ ಬಿಟ್ಟು ಹಾಳಾಗಿತ್ತು. ಮಳೆ ಬಂತು ಎಂದಳು ತಂಗಿ. ಟೀಚರ್ ಮತ್ತೆ ಅದೇ ಜಾಲತಾಣ ತೆರೆದು ನೋಡಿದರು. ನಿನ್ನೆಯ ಮಳೆ ಸೊನ್ನೆ ಎಂದಿತ್ತು.

"ದಾಖಲೆಯಲ್ಲಿ ಸೊನ್ನೆ ಇದೆ, ಪೈಪು ಬಿಟ್ಟು ಮರೆತಿರ್ತೀಯ, ತಪ್ಪು ಮುಚ್ಕೊಳ್ಳೋಕೆ ಮಳೆ ಮೇಲೆ ಹಾಕ್ಬೇಡ ಅಂದೆ," ಎಂದರು. "ಅವಳ ಕೂದಲಿಂದ ಇನ್ನೂ ನೀರು ಇಳೀತಿದ್ರೂ ನಾನು ಅದನ್ನೇ ಹೇಳ್ತಿದ್ನೇನೋ."

ಕೋಪ ಇಳಿದ ಮೇಲೆ ಟೀಚರಿಗೆ ಒಂದು ಕುತೂಹಲ ಹತ್ತಿತಂತೆ. ಆ ಸೊನ್ನೆಯನ್ನು ಅಳೆದ ಮಾಪಕ ಇರುವುದೆಲ್ಲಿ? ಕೇಳಿ ತಿಳಿದರೆ, ಹನ್ನೊಂದು ಕಿಲೋಮೀಟರ್ ಆಚೆ. ಅಲ್ಲಿ ಬಾರದ ಮಳೆ ಇಲ್ಲಿ ಬರಬಹುದೇ ಎಂದು ನೋಡಲು ತಾರಸಿಯ ಮೇಲೆ ತಮ್ಮದೇ ಮಾಪಕ ಇಟ್ಟರು. ಎರಡೇ ತಿಂಗಳಲ್ಲಿ ಉತ್ತರ ಸಿಕ್ಕಿತು. ಇವತ್ತಿನವರೆಗೆ ನೂರಾ ಹದಿನೇಳು ಸಲ ಅಲ್ಲಿ ಸೊನ್ನೆ ಇದ್ದಾಗ ಇಲ್ಲಿ ಮಳೆ ಬಿದ್ದಿದೆ. ಪ್ರತಿಯೊಂದರ ದಿನ, ಗಂಟೆ, ಅಳತೆ ನಮ್ಮ ನಕ್ಷೆಯ ಹಳೆಯ ಪುಟಗಳಲ್ಲಿದೆ.

ಹಾಗಾದರೆ ತಂಗಿಗೆ ಯಾಕೆ ಹೇಳಲಿಲ್ಲ ಎಂದೆ. ಟೀಚರ್ ಲೋಟದ ಅಂಚನ್ನು ಬೆರಳಿನಿಂದ ಒರೆಸಿದರು. ನಾಳೆ ಹೇಳೋಣ ಎಂದುಕೊಂಡೇ ಒಂಬತ್ತು ವರ್ಷವಾಯಿತು ಎಂದರು. ಇನ್ನಷ್ಟು ಪುರಾವೆ ಸಿಗಲಿ ಎಂದು ಮೊದಲು ಕಾದರು, ಪುರಾವೆ ಸಾಕಷ್ಟಾದ ಮೇಲೆ ನಾಚಿಕೆ ಅಡ್ಡ ಬಂತು. ಈ ಚಳಿಗಾಲದಿಂದ ತಂಗಿ ನೀರು ಹಾಕತೊಡಗಿದಾಗ, ಸೇಡು ತೀರಿಸಿಕೊಳ್ಳುತ್ತಿದ್ದಾಳೆ, ತೀರಿಸಿಕೊಳ್ಳಲಿ ಎಂದು ಸುಮ್ಮನಾದರು.

"ನಾನು ಅವಳ ಬಟ್ಟೆ ಕೆಡಿಸಿದೆ, ಅವಳು ನನ್ನ ಲೆಕ್ಕ ಕೆಡಿಸ್ತಿದ್ದಾಳೆ. ಅದರಲ್ಲೇನು ತಪ್ಪು?"

ಅಷ್ಟು ಹೊತ್ತಿಗೆ ನನ್ನ ಖುಷಿಯೆಲ್ಲ ಇಳಿದಿತ್ತು. ಶುಕ್ರವಾರ ಆ ನೂರಾ ಹದಿನೇಳೂ ಅಳಿಸಿಹೋಗುತ್ತವೆ, ತಡೆಯಲು ದಾರಿ ಒಂದೇ ಎಂದೆ. ಯಾವ ನೀರು ತಾನು ಹಾಕಿದ್ದು ಎಂದು ಹಾಕಿದವರೇ ಹೇಳಬೇಕು, ಉಳಿದದ್ದನ್ನು ಮುಟ್ಟಿಲ್ಲ ಎಂದು ಬರೆದು ಕೊಡಬೇಕು. ಟೀಚರ್ ಲೋಟ ಕೆಳಗಿಟ್ಟರು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿದರು.

ತಂಗಿಯ ಬಾಗಿಲು ನಾನೇ ತಟ್ಟಿದೆ. ಮೂವರೂ ತಾರಸಿಯಲ್ಲಿ ಮಾಪಕದ ಸುತ್ತ ನಿಂತೆವು. ತಂಗಿ ನನ್ನನ್ನು ಮಾತ್ರ ನೋಡುತ್ತಿದ್ದರು. ಇಬ್ಬರ ನಡುವೆ ಟೆಲಿಫೋನ್ ತಂತಿಯ ಕೆಲಸ ನನಗೇ ಬಂತು. ಕಚೇರಿಯ ನಿಯಮ ವಿವರಿಸಿದೆ, ಅಂಚೆಯವರ ಬೆವರಿನ ಕಥೆಯನ್ನೂ ಸೇರಿಸಿದೆ. ತಂಗಿಯ ತುಟಿಯಲ್ಲಿ ನಗು ಬಂದು ಹೋಯಿತು. ಇಷ್ಟೆಲ್ಲ ಆಗುತ್ತದೆಂದು ಗೊತ್ತಿರಲಿಲ್ಲ ಎಂದರು. ಹದಿನಾರು ವಾರದಿಂದ ಯಾಕೆ ಹಾಕುತ್ತಿದ್ದೀರಿ ಎಂದು ಕೇಳಿದೆ.

"ಕೆಳಗಿನವರು ಚಳಿಗಾಲದಲ್ಲಿ ತಲೆ ಸುತ್ತಿ ಬಿದ್ರು," ಎಂದರು. "ಬೆಳಗ್ಗೆ ಬಿದ್ದವರು, ಹಾಲಿನವನು ಮಧ್ಯಾಹ್ನ ಬಂದು ನೋಡೋವರೆಗೂ ನೆಲದ ಮೇಲೇ ಇದ್ರು. ನಾನು ಅವರ ತಲೆ ಮೇಲಿನ ಕೋಣೆಯಲ್ಲೇ ಬಟ್ಟೆ ಹಿಂಡ್ತಾ ಇದ್ದೆ. ಇದರಲ್ಲಿ ನೀರು ಬಿದ್ರೆ ಅವರ ಫೋನ್ ಸದ್ದು ಮಾಡುತ್ತೆ, ಸದ್ದಾದ್ರೆ ಹತ್ತಿ ಬರ್ತಾರೆ. ಹತ್ತಿ ಬಂದ್ರೆ ಚೆನ್ನಾಗಿದ್ದಾರೆ ಅಂತ."

"ಭಾನುವಾರ?"

"ಭಾನುವಾರ ಆಲಿಕೆ ಒರೆಸೋಕೆ ಅವರೇ ಬರ್ತಾರಲ್ಲ."

ದಿನಗಟ್ಟಲೆ ತಲೆ ಕೆಡಿಸಿಕೊಂಡಿದ್ದ ಒಗಟು ಬಿಡಿಸಿಕೊಂಡಿತು. ಆದರೆ ಅದಕ್ಕೆ ಖುಷಿಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಬಾಗಿಲು ತಟ್ಟಬಹುದಿತ್ತಲ್ಲ ಎಂದು ಕೇಳಿದೆ. ನನ್ನನ್ನು ಸುಳ್ಳಿ ಎಂದವರ ಬಾಗಿಲು ನಾನ್ಯಾಕೆ ತಟ್ಟಲಿ ಎಂದರು ತಂಗಿ, ಈಗಲೂ ನನಗೇ. ಚೀಲದಿಂದ ಕಾಗದ ತೆಗೆಸಿ, ಬರೆದುಕೊಳ್ಳಿ ಎಂದರು. ಏಳು ನಲವತ್ತರದು ನನ್ನದು, ಲೋಟದ ತಳದಷ್ಟು, ಅದರ ಹೊರತು ಒಂದು ಹನಿಯನ್ನೂ ನಾನು ಹಾಕಿಲ್ಲ, ಮಿಕ್ಕದ್ದೆಲ್ಲ ಮಳೆ. ಕೆಳಗೆ ನೀಲಿ ಬೆರಳಿನಲ್ಲಿ ಸಹಿ ಮಾಡಿದರು.

ಇಷ್ಟು ಹೊತ್ತೂ ಟೀಚರ್ ಕಂಬಿ ಹಿಡಿದೇ ನಿಂತಿದ್ದರು. ಸಹಿ ಒಣಗುವುದನ್ನು ನೋಡಿದರು. ಏನೋ ಹೇಳಲು ಅವರು ನನ್ನ ಕಡೆ ತಿರುಗಿದಾಗ ನಾನು ಬೇಕೆಂದೇ ಕಾಗದ ಮಡಿಸುವುದರಲ್ಲಿ ಮುಳುಗಿದೆ. ನಮ್ಮತ್ತೆ ಕಂಡಿದ್ದರೆ, ಈ ಸೊಸೆಗೆ ಇಂಥ ಬುದ್ಧಿ ಯಾವಾಗ ಬಂತು ಎನ್ನುತ್ತಿದ್ದರು.

ಟೀಚರ್ ತಂಗಿಯ ಕಡೆ ತಿರುಗಿದರು.

"ಆವತ್ತು ಮಳೆ ಬಂದಿತ್ತು," ಎಂದರು.

"ನಂಗೊತ್ತು. ನಾನು ಅದರಲ್ಲಿ ನೆನೆದಿದ್ದೆ."

"ನಾನು ತಪ್ಪು ಹೇಳ್ದೆ. ಕೇಳಬೇಕಿತ್ತು ನಿನ್ನ, ಕೇಳಲಿಲ್ಲ." ತರಗತಿಯಲ್ಲಿ ಪ್ರಶ್ನೆ ಕೇಳುವವರ ಹಾಗೆ ನೆಟ್ಟಗೆ ನಿಂತರು. "ಎಷ್ಟು ಹೊತ್ತು ಬಂತು?"

ತಂಗಿ ಅವರನ್ನು ದಿಟ್ಟಿಸಿ ನೋಡಿದರು. ಗೇಲಿ ಮಾಡುತ್ತಿದ್ದಾರೋ ಎಂದು ಹುಡುಕಿದರು, ಅಂಥದ್ದೇನೂ ಆ ಮುಖದಲ್ಲಿರಲಿಲ್ಲ, ತಿಳಿದುಕೊಳ್ಳಬೇಕೆಂಬ ಆಸೆಯೊಂದೇ ಇತ್ತು.

"ಕಾಲು ಗಂಟೆ," ಎಂದರು ಕೊನೆಗೆ. "ಮೊದಲು ಗಾಳಿ ಬಂತು ಅಕ್ಕ. ಆ ಕಡೆಯಿಂದ."

ಟೀಚರ್ ಆ ನೀಲಿ ಕೈ ತೋರಿಸಿದ ಕಡೆಗೆ ತಿರುಗಿ, ಕಣ್ಣು ಕಿರಿದು ಮಾಡಿಕೊಂಡು ನೋಡತೊಡಗಿದರು. ಆಮೇಲೆ, ಹನಿ ದಪ್ಪಗಿತ್ತಾ ಸಣ್ಣಗಿತ್ತಾ ಎಂದು ಕೇಳಿದರು.